ಮಳೆ ನಿಂತ ಮೇಲೆ ಸೋಸು

ದಕ್ಷಿಣ ಕೊರಿಯಾದ ಹಳೆಯ ಮನೆಯೊಂದರ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಜಾಡಿ. ಅಜ್ಜಿ ಅದಕ್ಕೆ ಕಿವಿಗೊಟ್ಟು ಕೂತಿದ್ದಳು. ಒಳಗಿನಿಂದ ಹೆಂಚಿನ ಮೇಲೆ ತುಂತುರು ಮಳೆ ಬಿದ್ದಂಥ ಸದ್ದು. ಕಾಲೇಜಿನಿಂದ ರಜೆಗೆ ಬಂದ ಮೊಮ್ಮಗಳಿಗೆ ಅಚ್ಚರಿ: ಅಕ್ಕಿಯೂ ಮಾತಾಡುತ್ತದೆಯೇ?

ಮಾತಾಡುತ್ತಿದ್ದುದು ಅಕ್ಕಿಯಲ್ಲ, ‘ನುರುಕ್’. ಗೋಧಿಯ ತರಿಗೆ ನೀರು ಚಿಮುಕಿಸಿ, ಬಿಲ್ಲೆಯಾಗಿ ಒತ್ತಿ ಕೆಲವು ವಾರ ಬೆಚ್ಚಗಿಟ್ಟರೆ ಅದರಲ್ಲಿ ಬೂಷ್ಟು, ಯೀಸ್ಟು ಮನೆಮಾಡುತ್ತವೆ. ಹಬೆಯಲ್ಲಿ ಬೆಂದು ಆರಿದ ಅನ್ನಕ್ಕೆ ಇದರ ಪುಡಿ, ನೀರು ಬೆರೆಸಿದರೆ ಬೂಷ್ಟು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಯೀಸ್ಟು ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಎರಡೂ ಒಂದೇ ಜಾಡಿಯಲ್ಲಿ, ಏಕಕಾಲಕ್ಕೆ. ಆಗ ಏಳುವ ಗುಳ್ಳೆಗಳದ್ದೇ ಆ ಮಳೆಸದ್ದು. ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಬ್ಬುವ ಮನೆಗಳಿಗೆ ಹುದುಗಿನ ಈ ಆಟ ತೀರ ಹೊಸದೇನಲ್ಲ.

ಮೇಲೆ ತಿಳಿಯಾಗಿ ನಿಂತದ್ದು ‘ಚೊಂಗ್‌ಜು’. ಗಸಿಗೆ ನೀರು ಬೆರೆಸಿ ಸೋಸಿದರೆ ಹಾಲಿನಂಥ ‘ಮಕ್‌ಗೊಲ್ಲಿ’; ಇದರಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡ 6ರಿಂದ 8. ಭಟ್ಟಿ ಇಳಿಸಿದರೆ ‘ಸೋಜು’. ಹಿಂದೆ ಮನೆಮನೆಗೂ ಒಂದೊಂದು ಹದ, ಒಂದೊಂದು ರುಚಿ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಅದು.

ಆ ಸರಪಳಿ ಕಡಿಯಿತು. 1909ರಲ್ಲಿ ಮದ್ಯಕ್ಕೆ ತೆರಿಗೆ ಬಂತು. ಜಪಾನಿನ ಆಳ್ವಿಕೆಯಲ್ಲಿ ಮನೆಯಲ್ಲಿ ಮಾಡುವುದೇ ಅಪರಾಧವಾಯಿತು. 1945ರಲ್ಲಿ ಆ ಆಳ್ವಿಕೆ ಹೋದರೂ ನಿಷೇಧ ಹೋಗಲಿಲ್ಲ. ಅಧಿಕಾರಿಗಳು ಬಂದರೆಂದರೆ ಅಜ್ಜಿಯ ತಾಯಿ ಜಾಡಿಯನ್ನು ಸೌದೆಯ ರಾಶಿಯೊಳಗೆ ಮುಚ್ಚಿಡುತ್ತಿದ್ದಳಂತೆ. 1965ರಲ್ಲಿ ಊಟಕ್ಕೇ ಅಕ್ಕಿ ಸಾಲದೆಂದು ಮದ್ಯಕ್ಕೆ ಅಕ್ಕಿ ಬಳಸುವುದನ್ನೇ ಸರ್ಕಾರ ತಡೆಯಿತು. ಮಕ್‌ಗೊಲ್ಲಿಗೆ ಗೋಧಿ ಹಿಟ್ಟು ಬಂತು. ಹಸಿದ ನಾಡಿಗೆ ಅದು ತಪ್ಪೆನ್ನುವುದು ಹೇಗೆ? ಆದರೆ 1995ರಲ್ಲಿ ಮನೆಯ ತಯಾರಿಕೆಗೆ ಮತ್ತೆ ಅನುಮತಿ ಸಿಕ್ಕಾಗ ಅಜ್ಜಿಗೆ ಅಳತೆ ಹೇಳಿಕೊಡಲು ತಾಯಿಯೇ ಇರಲಿಲ್ಲ. ನೆನಪಿನಲ್ಲಿ ಉಳಿದಿದ್ದುದು ಆ ಸದ್ದೊಂದೇ. ಅದನ್ನೇ ಹಿಡಿದು ಎಷ್ಟೋ ಜಾಡಿ ಕೆಡಿಸಿ ಕಲಿತಳು. 2021ರಲ್ಲಿ ಮಕ್‌ಗೊಲ್ಲಿ ತಯಾರಿಕೆ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿ ಸೇರಿದಾಗ ಆಕೆ ನಕ್ಕು, ‘ಅಮ್ಮ ಬಚ್ಚಿಟ್ಟದ್ದನ್ನು ಈಗ ಮೆರೆಸುತ್ತಾರೆ’ ಎಂದಳು.

ಅಂದು ಹಿಂದಿನ ಬಾರಿಯದು ಒಂದಿಷ್ಟು ಉಳಿದಿತ್ತು. ಅಜ್ಜಿ ಬಟ್ಟಲಿಗೆ ಎರಡು ಗುಟುಕಿನಷ್ಟೇ ಬಗ್ಗಿಸಿದಳು. ಮೊಮ್ಮಗಳು ಎರಡೂ ಕೈಗಳಿಂದ ತೆಗೆದುಕೊಂಡು, ಹಿರಿಯರ ಮುಂದೆ ವಾಡಿಕೆಯಂತೆ ಮುಖ ಪಕ್ಕಕ್ಕೆ ತಿರುಗಿಸಿ ಗುಟುಕರಿಸಿದಳು. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಕೊನೆಗೆ ಅನ್ನದ ವಾಸನೆ. ಹೈಸ್ಕೂಲಿನ ತಮ್ಮನಿಗೆ ಮದ್ಯ ಕೊಡಲು ಕಾನೂನು ಬಿಡದು, ಅವನಿಗೆ ‘ಶಿಕ್ಹೆ’. ಮೊಳಕೆ ಬಾರ್ಲಿಯಿಂದ ಅನ್ನದ ಪಿಷ್ಟವನ್ನು ಸಕ್ಕರೆಯಾಗಿಸಿ, ಅಲ್ಲಿಗೇ ನಿಲ್ಲಿಸಿದ ತಂಪು ಪಾನಕ.

ಮೊಮ್ಮಗಳು ನೋಟುಪುಸ್ತಕ ತೆರೆದಳು. ಅಕ್ಕಿ ಎಷ್ಟು, ನುರುಕ್ ಎಷ್ಟು, ನೀರು ಎಷ್ಟು ಎಂದು ಕೇಳಿ ಬರೆದಳು. ಎಷ್ಟು ದಿನ ಎಂದಾಗ ಮಾತ್ರ ಅಜ್ಜಿ ಅಂಕಿ ಹೇಳಲಿಲ್ಲ.

‘ಮಳೆ ನಿಂತ ಮೇಲೆ ಸೋಸು’ ಎಂದಳು.

ಮೊಮ್ಮಗಳು ಅದನ್ನೂ ಬರೆದುಕೊಂಡಳು.