ಕಿಟಕಿ ತೆಗೆಯದ ಮನೆಗೆ ಅಮ್ಮ ಬಂದಾಗ

"ಕಿಟಕಿನೇ ತೆಗೆಯಲ್ಲ ಅಂದ್ರೆ ಉಸಿರು ಹೇಗೋ ಆಡ್ತೀರಾ?" ಹೋದ ಡಿಸೆಂಬರಿನಲ್ಲಿ ಹಾಸನದಿಂದ ಡಾರ್ಮ್‌ಸ್ಟಾಟ್‌ಗೆ ಬಂದ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು.

ಮೊಟ್ಟಮೊದಲ 'ಪ್ಯಾಸಿವ್ ಹೌಸ್'ಗೆ ಜನ ವಾಸಕ್ಕೆ ಬಂದಿದ್ದು ಜರ್ಮನಿಯ ಇದೇ ಊರಲ್ಲಿ, 1991ರಲ್ಲಿ. ನಮ್ಮ ಬಾಡಿಗೆ ಮನೆಯೂ ಅದೇ ಜಾತಿಯದ್ದು. ಗಾಳಿ ಸೋರೋಕೆ ಸಂದಿಯೇ ಇಲ್ಲ. ಅಡುಗೆಮನೆ, ಬಚ್ಚಲಿನ ಗಾಳಿಯನ್ನು ಒಂದು ಯಂತ್ರ ಹೊರಗೆ ದಬ್ಬುತ್ತೆ. ಹೊರಗಿನ ತಾಜಾ ಗಾಳಿಯನ್ನು ಮಲಗುವ ಕೋಣೆಗಳಿಗೆ ಬಿಡುತ್ತೆ. ಎರಡೂ ತೆಳು ಹಾಳೆಗಳ ಆಚೀಚೆ ಹಾದು ಹೋಗುವಾಗ ಒಂದಕ್ಕೊಂದು ಬೆರೆಯದೆ ಬಿಸಿಯನ್ನಷ್ಟೇ ಕೊಟ್ಟು ತಗೋತವೆ. ಇದನ್ನೆಲ್ಲ ಆಫೀಸಲ್ಲಿ ಡೆಮೊ ಕೊಟ್ಟ ಹಾಗೆ ಅಮ್ಮನಿಗೆ ವಿವರಿಸಿದ್ದೆ.

ಎರಡು ವಾರ ಕಳೀತು. ಬೆಳಗ್ಗೆ ಎದ್ದರೆ ಅಮ್ಮನಿಗೆ ತಲೆಭಾರ. ಕಾರ್ಬನ್ ಡೈಆಕ್ಸೈಡ್ ಮೀಟರನ್ನು ಅವಳ ಕೋಣೆಯಲ್ಲಿಟ್ಟು ನೋಡಿದೆ: 1,700 ಪಿಪಿಎಂ. ನಮ್ಮ ಕೋಣೆಯಲ್ಲಿ 800. ತಲೆ ಎತ್ತಿ ನೋಡಿದರೆ ಗಾಳಿಯ ಕಿಂಡಿಗೆ ಹಳೇ ಸೀರೆ ತುಂಡು ತುರುಕಿತ್ತು!

"ಇದನ್ನ ಮುಚ್ಚಬಾರದು ಅಂತ ಎಷ್ಟು ಸಲ ಹೇಳ್ಲಮ್ಮ?" ರೇಗಿಬಿಟ್ಟೆ.

"ರಾತ್ರಿಯೆಲ್ಲ ಗುಂಯ್ ಅನ್ನುತ್ತೆ ಕಣೋ. ತಲೆ ಮೇಲೆ ತಣ್ಣಗೆ ಸುರಿಯುತ್ತೆ, ನಿದ್ದೆನೇ ಇಲ್ಲ. ಮೊದಲೇ ನಿನಗೆ ಆಫೀಸಿನ ತಲೆಬಿಸಿ, ಯಾಕೆ ಹೇಳೋದು ಅಂತ..."

ಲೆಕ್ಕ ಹಾಕಿದೆ. ಹೊರಗೆ ಸೊನ್ನೆ, ಒಳಗೆ 21 ಡಿಗ್ರಿ. ಯಂತ್ರ ಶೇ. 80ರಷ್ಟು ಬಿಸಿ ಉಳಿಸಿದರೂ ಕಿಂಡಿಯಿಂದ ಬರೋದು ಸುಮಾರು 17 ಡಿಗ್ರಿ ಗಾಳಿ. ಅದೂ ನೇರ ಅವಳ ನೆತ್ತಿಗೆ. ಸರಿ, ಸದ್ದು ಯಾಕೆ? ಯಂತ್ರದ ಮುಚ್ಚಳ ತೆಗೆದೆ. ಫಿಲ್ಟರ್ ಕಾಡಿಗೆಯ ಹಾಗೆ ಕಪ್ಪು. ಆರು ತಿಂಗಳಿಗೊಮ್ಮೆ ಬದಲಾಯಿಸಬೇಕಾದದ್ದನ್ನು ನಾನು ಒಂದು ವರ್ಷದಿಂದ ಮುಟ್ಟಿರಲಿಲ್ಲ. ಎಚ್ಚರಿಕೆಯ ದೀಪ ಹತ್ತಿದಾಗಲೆಲ್ಲ 'ಆಮೇಲೆ ನೋಡೋಣ' ಅಂತ ಆರಿಸಿದ್ದೆ. ಕಟ್ಟಿಕೊಂಡ ಫಿಲ್ಟರಿನಿಂದ ಅಷ್ಟೇ ಗಾಳಿ ಎಳೆಯೋಕೆ ಫ್ಯಾನು ಏದುಸಿರು ಬಿಡ್ತಿತ್ತು. ತಪ್ಪು ನಂದು, ಬೈಸಿಕೊಂಡಿದ್ದು ಅಮ್ಮ.

ಹೊಸ ಫಿಲ್ಟರ್ ತರಿಸಿ ಹಾಕಿದೆ. ಮಂಚದ ತಲೆದೆಸೆ ತಿರುಗಿಸಿದೆ. ರಾತ್ರಿಗೆ ಫ್ಯಾನಿನ ವೇಗ ಒಂದು ಹಂತ ಇಳಿಸಿದೆ. ಮರುದಿನ ಅಮ್ಮ ಏಳೂವರೆವರೆಗೂ ಮಲಗಿದ್ದಳು. ಎದ್ದ ಮೇಲೆ "ಸಾರಿ ಅಮ್ಮ" ಅಂದೆ. "ಹೋಗ್ಲಿ ಬಿಡೋ, ಕಾಫಿ ಆರುತ್ತೆ" ಅಂದಳು.

ನಿಮ್ಮನೆಗೂ ಅಪ್ಪ ಅಮ್ಮ ಬಂದರೆ ಯಂತ್ರದ ಬಗ್ಗೆ ಆಮೇಲೆ ಹೇಳಿ. ಮೊದಲು, ರಾತ್ರಿ ನಿದ್ದೆ ಬಂತಾ ಅಂತ ಕೇಳಿ.

ಈಗ ಹಾಸನದಿಂದ ಫೋನ್ ಬಂದರೆ "ಊಟ ಆಯ್ತಾ?" ಆದಮೇಲೆ ಇನ್ನೊಂದು ಪ್ರಶ್ನೆ: "ಆ ಫಿಲ್ಟರ್ ತೊಳೆದ್ಯಾ?" ಅದು ತೊಳೆಯೋದಲ್ಲ, ಬದಲಾಯಿಸೋದು ಅಂತ ತಿದ್ದೋಕೆ ಹೋಗಲ್ಲ. "ಹೂಂ ಅಮ್ಮ" ಅಂತೀನಿ. ಫೋನ್ ಇಟ್ಟು, ಮುಚ್ಚಳ ತೆಗೆದು ಒಮ್ಮೆ ನೋಡಿಯೂ ಬರ್ತೀನಿ.