ಕಟ್ಟೆಯ ಮಾತು, ಹಣತೆಯ ಬತ್ತಿ

ವಿಚಿತ್ರ ಸುದ್ದಿಯಿಲ್ಲದೆ ಕಟ್ಟೆಯ ಹರಟೆಗೆ ರುಚಿಯಿಲ್ಲ. ಗಣೇಶನ ಮೂರ್ತಿಗಳು ಹಾಲು ಕುಡಿಯುತ್ತಿವೆಯೆಂಬ ವಾರ್ತೆ 1995ರ ಸೆಪ್ಟೆಂಬರ್ 21ರಂದು ಊರೂರಿನ ದೇಗುಲಗಳ ಮುಂದೆ ಜನರನ್ನು ಸಾಲುಗಟ್ಟಿಸಿತು. ಅವರು ಕಂಡುದು ಸುಳ್ಳಲ್ಲ. ಚಮಚದ ಹಾಲು ತಗ್ಗಿದುದು ನಿಜ. ಅದು ಎಲ್ಲಿಗೆ ಹೋಯಿತೆಂದು ಕೇಳಿದವರು ಮಾತ್ರ ವಿರಳ. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದರು. ಮೂರ್ತಿಯ ಸೆಳೆತಕ್ಕೆ ಚಮಚದಿಂದ ಮೇಲೆದ್ದ ಹಾಲು ತೆಳ್ಳನೆಯ ಪದರವಾಗಿ ಅದರ ಮೈಮೇಲೆಯೇ ಕೆಳಗಿಳಿದಿತ್ತು.

ದ್ರವದ ಇಂತಹ ಗುಣದಿಂದಲೇ ಮನೆಯ ಹಣತೆಯ ಬತ್ತಿ ದಿನವೂ ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ. ಅದನ್ನು ನೋಡಲು ಯಾರೂ ಸಾಲು ನಿಲ್ಲುವುದಿಲ್ಲ! ಹರಟೆ ಬೇಡವೆಂದು ನಾವು ಹೇಳೆವು. ಆದರೆ ಮುಂದಿನ ಅದ್ಭುತವಾರ್ತೆ ತಮ್ಮ ಕಟ್ಟೆಗೆ ಬಂದಾಗ, ‘ಹಾಲು ಎಲ್ಲಿಗೆ ಹೋಯಿತು?’ ಎಂದು ಒಬ್ಬರಾದರೂ ಕೇಳಿರಿ. ಈ ಪ್ರಶ್ನೆಯಿಂದ ಭಕ್ತಿ ಕುಂದದು, ಮೌಢ್ಯ ಕುಂದೀತು.