ಎಡಗಾಲಿನ ಪ್ರಶ್ನೆ

ತನಗೊಂದು ಎಡಗಾಲಿದೆಯೆಂಬುದು ಅದು ನೋಯುವವರೆಗೆ ಮನುಷ್ಯನ ನೆನಪಿಗೆ ಬರುವುದಿಲ್ಲ. ಅರುವತ್ತು ವರ್ಷಗಳವರೆಗೆ ನನಗೂ ಬಂದಿರಲಿಲ್ಲ. ಕಳೆದ ಚಳಿಗಾಲದಲ್ಲಿ ಮೆಟ್ಟಿಲಿಳಿಯುತ್ತಿದ್ದಾಗ ಮಂಡಿಯೊಳಗೆ ಯಾರೋ ಕಡಲೆಕಾಯಿ ಒಡೆದಂತೆ ಸದ್ದಾಯಿತು. ವೈದ್ಯರು ಚಿತ್ರ ತೆಗೆಸಿ ನೋಡಿ, ಮೂಳೆಗಳ ನಡುವಣ ಮೆತ್ತೆ ಸವೆದಿದೆಯೆಂದರು. ಅವರು ಹೇಳಿದ ವ್ಯಾಯಾಮಗಳನ್ನೆಲ್ಲ ವಿಧೇಯ ವಿದ್ಯಾರ್ಥಿಯಂತೆ ಕೇಳಿಸಿಕೊಂಡು ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಕ್ಲಚ್ಚು ತುಳಿಯಬಹುದೆ?"

"ತುಳಿಯಬಹುದು. ಆದರೆ ತುಳಿಯಬೇಕಾದದ್ದೇನಿದೆ? ಈಗ ಎಲ್ಲ ಕಾರುಗಳೂ ಆಟೋಮ್ಯಾಟಿಕ್ಕೇ ಬರುತ್ತವಲ್ಲ" ಎಂದರು.

ಪಾಪ, ನಾನು ಕೊಳ್ಳಬೇಕೆಂದಿದ್ದುದು ಈಗಿನ ಕಾರಲ್ಲವೆಂಬುದು ಅವರಿಗೆ ಹೇಗೆ ತಿಳಿಯಬೇಕು?

ಇಂಗ್ಲೆಂಡಿಗೆ ಬಂದು ಮೂವತ್ತು ವರ್ಷಗಳಾದುವು. ನಮ್ಮ ಮನೆಯಿರುವುದು ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಎಂಬ ಊರಿನಲ್ಲಿ. ಎಂ.ಜಿ. ಎಂಬ ಹೆಸರಿನ ಸ್ಪೋರ್ಟ್ಸ್ ಕಾರುಗಳು 1929ರಿಂದ 1980ರವರೆಗೆ ಇಲ್ಲಿಯೇ ತಯಾರಾಗುತ್ತಿದ್ದುವು. ಕಾರ್ಖಾನೆ ಮುಚ್ಚಿ ನಾಲ್ಕು ದಶಕಗಳು ಕಳೆದರೂ ಬೇಸಗೆಯ ಭಾನುವಾರಗಳಲ್ಲಿ ಆ ಕಾರುಗಳು ತವರುಮನೆಗೆ ಬಂದ ಮುದುಕಿಯರಂತೆ ಊರಿನ ಬೀದಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು 1962ರಲ್ಲಿ ಹೊರಬಂದ ಎಂ.ಜಿ.ಬಿ. ಜಾತಿಯವು. ಕಾರ್ಖಾನೆ ಬಾಗಿಲು ಹಾಕುವ ವೇಳೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾಗಿದ್ದುವು. ನಿವೃತ್ತಿಯ ದಿನ ಅಂಥದೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳಬೇಕೆಂದು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ.

ಮೈಸೂರಿನಲ್ಲಿ ಬೆಳೆದವನಿಗೆ ಈ ಇಂಗ್ಲಿಷ್ ಕಾರಿನ ಮೇಲೆ ಮೋಹ ಏಕೆಂದು ಓದುಗರು ಕೇಳಬಹುದು. ಕಾರಣವಿದೆ. ನಮ್ಮ ತಂದೆಯವರ ಬಳಿ ಅಂಬಾಸಿಡರ್ ಕಾರಿತ್ತು. ಆ ಅಂಬಾಸಿಡರ್ ಮೂಲತಃ ಇಲ್ಲಿಯ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರು. ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ನಮ್ಮದಾಗಿ ಬಾಳಿತು. ಅದರ ಪ್ರಸಿದ್ಧವಾದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು ಬಿ-ಸೀರೀಸ್ ಎಂಬ ವಂಶದ್ದು. ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಅದೇ ವಂಶದ್ದೇ. ಒಬ್ಬ ತಮ್ಮ ಕಛೇರಿ ಸೇರಿ ಸಂಸಾರ ಹೂಡಿದ, ಇನ್ನೊಬ್ಬ ಕುಸ್ತಿಯ ಅಖಾಡಕ್ಕೆ ಹೋದ, ಮೂಗು ಒಂದೇ. ಆಬಿಂಗ್ಡನ್ನಿನ ಬೀದಿಯಲ್ಲಿ ಎಂ.ಜಿ.ಬಿ.ಯೊಂದು ಚಳಿಯಲ್ಲಿ ಗೊಣಗಿಕೊಂಡು ಹೊರಡುವಾಗ ಕಣ್ಣು ಮುಚ್ಚಿಕೊಂಡರೆ ನನಗೆ ಕೇಳಿಸುವುದು ಸರಸ್ವತೀಪುರದ ನಮ್ಮ ಮನೆಯ ಮುಂದಿನ ಸದ್ದು.

ಏಪ್ರಿಲಿನಲ್ಲಿ ಮಾರಾಟಕ್ಕೆ ಎರಡು ಕಾರುಗಳು ಕಣ್ಣಿಗೆ ಬಿದ್ದುವು. ಎರಡೂ ಗಟ್ಟಿ ಮಾಡಿನ ಜಿ.ಟಿ. ಮಾದರಿಯವು, ಈ ದೇಶದ ಮಳೆಯಲ್ಲಿ ಬಟ್ಟೆಯ ಮಾಡನ್ನು ನಂಬುವಷ್ಟು ಯೌವನ ನನಗಿಲ್ಲ. ಒಂದು 1972ರದು, ಕಡು ಹಸಿರು. ಕೈಯಿಂದ ಬದಲಾಯಿಸುವ ನಾಲ್ಕು ಗೇರು, ಜೊತೆಗೆ ಓವರ್‌ಡ್ರೈವ್. ಇನ್ನೊಂದು 1971ರದು, ಕೆನೆಯ ಬಣ್ಣ; ಮೂರು ಗೇರಿನ ಆಟೋಮ್ಯಾಟಿಕ್. ಎಂ.ಜಿ.ಬಿ.ಯಲ್ಲಿ ಆಟೋಮ್ಯಾಟಿಕ್ ಇತ್ತೆಂಬುದೇ ಅನೇಕರಿಗೆ ತಿಳಿಯದು. 1967ರ ಕೊನೆಯಿಂದ 1973ರವರೆಗೆ ಮಾತ್ರ ಬೋರ್ಗ್-ವಾರ್ನರ್ 35 ಎಂಬ ಗೇರ್‌ಬಾಕ್ಸನ್ನು ಕೇಳಿದವರಿಗೆ ಹಾಕಿಕೊಡುತ್ತಿದ್ದರು. ಕೇಳಿದವರು ಬಹಳ ಕಡಮೆ. ಹಾಗೆ ಕೊಂಡ ಕಾರುಗಳನ್ನೂ ಮುಂದೆ ಬಂದ ಯಜಮಾನರು ಬಿಚ್ಚಿ ಕೈಗೇರಿಗೆ ಪರಿವರ್ತಿಸಿದ್ದುಂಟು. ಸ್ಪೋರ್ಟ್ಸ್ ಕಾರಿಗೆ ಆಟೋಮ್ಯಾಟಿಕ್ಕೆಂದರೆ ವೀಣೆಗೆ ಕೀಲಿ ಕೊಟ್ಟು ನುಡಿಸಿದಂತೆ ಎಂಬುದು ರಸಿಕರ ಮತ. ನಾನೂ ಆ ಮತದವನೇ ಆಗಿದ್ದೆ.

ಎರಡಕ್ಕೂ ಇರುವ ವ್ಯತ್ಯಾಸವೇನೆಂದು, ಕಾರಿನ ಮುಚ್ಚಳ ತೆರೆದು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಎಂಜಿನ್ನಿಗೂ ಗಾಲಿಗಳಿಗೂ ನಡುವೆ ಯಾವಾಗ ಸಂಬಂಧವಿರಬೇಕು, ಯಾವಾಗ ಬಿಡಬೇಕು ಎಂಬುದನ್ನು ಕೈಗೇರಿನಲ್ಲಿ ನಿರ್ಧರಿಸುವವನು ಚಾಲಕ. ಕ್ಲಚ್ಚು ತುಳಿದರೆ ಸಂಬಂಧ ಕಡಿಯುತ್ತದೆ, ಬಿಟ್ಟರೆ ಕೂಡುತ್ತದೆ. ಎಷ್ಟು ನಯವಾಗಿ ಕೂಡುತ್ತದೆಂಬುದು ಪಾದದ ವಿದ್ಯೆ. ಆಟೋಮ್ಯಾಟಿಕ್ಕಿನಲ್ಲಿ ಆ ಸ್ಥಾನದಲ್ಲಿರುವುದು ಎಣ್ಣೆ. ಎದುರುಬದುರಾದ ಎರಡು ಫ್ಯಾನುಗಳನ್ನು ಊಹಿಸಿಕೊಳ್ಳಿ. ಒಂದು ತಿರುಗಿದಾಗ ಹೊರಟ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆಯಿದ್ದರೆ ಅದೇ ಟಾರ್ಕ್ ಕನ್ವರ್ಟರು. ಕಡಿಯುವುದೂ ಇಲ್ಲ, ಬಿಗಿಯಾಗಿ ಹಿಡಿಯುವುದೂ ಇಲ್ಲ. ಸ್ವಲ್ಪ ಶಕ್ತಿ ಎಣ್ಣೆಯಲ್ಲಿಯೇ ಕರಗಿ ಬಿಸಿಯಾಗುತ್ತದೆ. ತೊಂಬತ್ತು ಚಿಲ್ಲರೆ ಕುದುರೆಗಳ ಎಂಜಿನ್ನಿಗೆ ಆ ಸ್ವಲ್ಪವೂ ಸ್ವಲ್ಪವಲ್ಲ.

ಮೊದಲು ಹಸಿರು ಕಾರನ್ನು ನೋಡಲು ಹೋದೆ. ಚೋಟುದ್ದದ ಗೇರುಕೋಲು, ಮಣಿಕಟ್ಟು ಒಂದಿಷ್ಟು ತಿರುಗಿದರೆ ಟಕ್ಕೆಂದು ಎರಡನೆಯದರಿಂದ ಮೂರನೆಯದಕ್ಕೆ. ಅಮೆರಿಕದಲ್ಲಿರುವ ನಮ್ಮವರು ಗೇರನ್ನು ಬಲಗೈಯಿಂದ ಹಾಕಲು ಹೊಸದಾಗಿ ಕಲಿಯಬೇಕು. ಇಲ್ಲಿ ಊರಿನಂತೆಯೇ ಎಡಗೈ. ಹಿಂಬದಿಯ ಹಳ್ಳಿರಸ್ತೆಯ ತಿರುವೊಂದರಲ್ಲಿ ಕಾಲು, ಕೈ, ಕಿವಿ ಮೂರೂ ಒಂದೇ ಕ್ಷಣಕ್ಕೆ ಒಂದಾಗಿ ಗೇರು ಕೆಳಗಿಳಿದಾಗ ನನಗೆ ಇಪ್ಪತ್ತು ವರ್ಷವಾಗಿತ್ತು. ಹೆದ್ದಾರಿಯಲ್ಲಿ ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಒತ್ತಿದರೆ ಓವರ್‌ಡ್ರೈವ್ ಕೂಡಿಕೊಂಡು, ಗಂಟೆಗೆ 70 ಮೈಲಿಯಲ್ಲಿ ನಿಮಿಷಕ್ಕೆ ಸುಮಾರು 3,900 ಸುತ್ತು ಅರಚುತ್ತಿದ್ದ ಎಂಜಿನ್ನು 3,200ರ ಆಸುಪಾಸಿಗೆ ಇಳಿದು ನಿಟ್ಟುಸಿರು ಬಿಟ್ಟಿತು. ಮಾರುವವನ ಅಂಗಳಕ್ಕೆ ಹಿಂದಿರುಗಿ ಇಳಿದಾಗ ಮಂಡಿ ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಕೆನೆಬಣ್ಣದ್ದನ್ನು ನೋಡಿದ್ದು ಅದೇ ಸಂಜೆ. ಕೋಲನ್ನು 'ಡಿ' ಎಂಬ ಅಕ್ಷರಕ್ಕೆಳೆದು ಹೊರಟರೆ ಅತ್ತೆಯ ಮನೆಯಲ್ಲಿ ಹೊಸ ಅಳಿಯನಿಗೆ ಮಾಡುವ ಉಪಚಾರ. ಎಲ್ಲವನ್ನೂ ಅವರೇ ಮಾಡುತ್ತಾರೆ, ನಮಗೆ ಕೆಲಸವಿಲ್ಲ. ಮುಂದಿನ ಗಾಡಿಯನ್ನು ದಾಟಬೇಕೆಂದು ಆ್ಯಕ್ಸಿಲರೇಟರನ್ನು ಒತ್ತಿದೆ. ಪೆಟ್ಟಿಗೆ ಒಂದು ಕ್ಷಣ ಆಲೋಚಿಸಿ, ಗುಟುರು ಹಾಕಿ ಗೇರಿಳಿಸಿತು. ಅಷ್ಟರಲ್ಲಿ ಎದುರಿನಿಂದ ಲಾರಿ ಬಂದಿತ್ತು. ಆದರೂ ನ್ಯಾಯಕ್ಕೆ ತಲೆಬಾಗಿ ಹೇಳಬೇಕು: ಊರೊಳಗಿನ ದಟ್ಟಣೆಯಲ್ಲಿ ಎಡಗಾಲು ಮೊದಲ ಬಾರಿಗೆ ಸುಮ್ಮನೆ ಕುಳಿತಿತ್ತು. ದೇಹದ ಸ್ಥಿತಿಯಲ್ಲಿಯೂ ಇದೇ ಮೇಲು. ಈ ಕಾರುಗಳಲ್ಲಿ ಬಾಗಿಲ ಕೆಳಗಿನ ಸಿಲ್ ಎಂಬ ಉದ್ದನೆಯ ಭಾಗವೇ ಬೆನ್ನೆಲುಬು; ಅದು ತುಕ್ಕು ತಿಂದಿದ್ದರೆ ಗೇರ್‌ಬಾಕ್ಸು ಯಾವುದಾದರೇನು? ಹಸಿರು ಕಾರಿನ ಸಿಲ್ಲಿನ ಮೇಲೆ ಬಣ್ಣ ಅನುಮಾನ ಬರುವಷ್ಟು ದಪ್ಪವಾಗಿತ್ತು. ಕೆನೆಬಣ್ಣದ್ದು ಯಾರೋ ವೃದ್ಧ ದಂಪತಿಗಳ ಒಣ ಗ್ಯಾರೇಜಿನಲ್ಲಿ ಬೆಳೆದ ಮಗು.

ಪರಿಚಯದ ಮೆಕ್ಯಾನಿಕ್ಕೊಬ್ಬನನ್ನು ಕೇಳಿದೆ. ಅವನು ಮೊದಲು ನನ್ನ ಉತ್ಸಾಹಕ್ಕೆ ನೀರೆರಚಿದ. ಎಂ.ಜಿ.ಬಿ.ಯ ಕ್ಲಚ್ಚು ಬದಲಾಯಿಸಲು ಎಂಜಿನ್ನನ್ನೇ ಹೊರಗೆತ್ತಬೇಕು. ಕ್ಲಚ್ಚನ್ನು ಒತ್ತುವ ಬೇರಿಂಗು ಗುಂಡುಗಳದಲ್ಲ, ಇಂಗಾಲದ ಬಿಲ್ಲೆ. ಸಿಗ್ನಲ್ಲಿನಲ್ಲಿ ಪೆಡಲು ತುಳಿದುಕೊಂಡೇ ನಿಲ್ಲುವವರ ಕಾರಿನಲ್ಲಿ ಅದು ಬಳಪದಂತೆ ಸವೆಯುತ್ತದೆ. ನಮ್ಮ ತಂದೆಯವರಿಗೆ ಈ ವಿಷಯ ತಿಳಿದಿತ್ತೋ ಇಲ್ಲವೋ, "ಕ್ಲಚ್ಚಿನ ಮೇಲೆ ಕಾಲಿಟ್ಟು ನಿದ್ದೆ ಹೋಗಬೇಡ" ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದರು. ಹಸಿರು ಕಾರನ್ನು ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಓಡಿಸಿ, ಒಮ್ಮೆಲೇ ಪೆಟ್ರೋಲು ಕೊಟ್ಟು ನೋಡಲು ಆ ಮೆಕ್ಯಾನಿಕ್ ಹೇಳಿದ; ವೇಗ ಏರದೆ ಎಂಜಿನ್ನಿನ ಸದ್ದು ಮಾತ್ರ ಏರಿದರೆ ಕ್ಲಚ್ಚು ಜಾರುತ್ತಿದೆಯೆಂದರ್ಥ. ಮರುದಿನ ಹೋಗಿ ನೋಡಿದೆ. ಸ್ವಲ್ಪ ಜಾರುತ್ತಿತ್ತು.

ಆಮೇಲೆ ಅವನು ದನಿ ತಗ್ಗಿಸಿ ಮೂರನೆಯ ದಾರಿಯೊಂದನ್ನು ತೋರಿಸಿದ. "ಆಟೋಮ್ಯಾಟಿಕ್ಕನ್ನೇ ಕೊಳ್ಳಿ, ದೇಹ ಚೆನ್ನಾಗಿದೆ. ಮುಂದಿನ ವರ್ಷ ಕೈಗೇರಿನ ಪೆಟ್ಟಿಗೆ ಹಾಕಿಕೊಡುತ್ತೇನೆ. ಎಲ್ಲರೂ ಮಾಡಿದ್ದು ಅದನ್ನೇ."

ಈ ಉಪಾಯವನ್ನು ಕೇಳಿ ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ಏಕೆಂದರೆ ಈ ವ್ಯವಹಾರದಲ್ಲಿ ಇನ್ನೊಬ್ಬರಿದ್ದರು. ಅವರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನನ್ನ ಶ್ರೀಮತಿ ಇಲ್ಲಿ ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಕೈಗೇರಿನ ಕಾರಿನಲ್ಲಿ ಎರಡು ಬಾರಿ ಪರೀಕ್ಷೆಗೆ ಕುಳಿತು, ಎರಡು ಬಾರಿಯೂ ಏರಿನಲ್ಲಿ ಹಿಂದಕ್ಕೆ ಜಾರಿ, ಮೂರನೆಯ ಬಾರಿ ಆಟೋಮ್ಯಾಟಿಕ್ಕಿನಲ್ಲಿ ಉತ್ತೀರ್ಣಳಾದಳು. ಈ ದೇಶದ ಕಾನೂನಿನಂತೆ ಹಾಗೆ ಉತ್ತೀರ್ಣರಾದವರು ಕ್ಲಚ್ ಪೆಡಲಿಲ್ಲದ ವಾಹನವನ್ನು ಮಾತ್ರ ಓಡಿಸಬಹುದು. ಹಸಿರು ಕಾರು ನಮ್ಮ ಮನೆಗೆ ಬಂದರೆ ಅದರಲ್ಲಿ ಅವಳ ಜಾಗ ಎಡಗಡೆಯ ಆಸನ, ಇಂದಿಗೂ, ಎಂದಿಗೂ.

ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳೆಂದಳು: "ನಿಮಗೆ ಬೇಕಾದುದನ್ನು ತನ್ನಿ. ನನ್ನದೇನು, ಪಕ್ಕದಲ್ಲಿ ಕೂತು ಅಭ್ಯಾಸವಿದೆ."

ಕೋಪವಿರಲಿಲ್ಲ. ಅದೇ ತೊಂದರೆಯಾಯಿತು. ಏಕೆಂದರೆ ಆ ಮಾತನ್ನು ಅದೇ ದನಿಯಲ್ಲಿ ನಾನು ಹಿಂದೊಮ್ಮೆ ಕೇಳಿದ್ದೆ.

ನಮ್ಮ ಅಂಬಾಸಿಡರಿನ ಗೇರುಕೋಲು ಸ್ಟಿಯರಿಂಗಿನ ಕಂಬಕ್ಕೆ ಅಂಟಿಕೊಂಡಿತ್ತು. ಮೊದಲನೆಯ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾಕಲು ಹೋದರೆ ಹಲ್ಲು ಕಡಿಯುತ್ತಿತ್ತು. ನನಗೆ ಹದಿನೆಂಟು ತುಂಬಿದ ಬೇಸಗೆಯಲ್ಲಿ ತಂದೆಯವರು ಬೆಳಗಿನ ಐದೂವರೆಗೆ ಎಬ್ಬಿಸಿ ಲಲಿತಮಹಲ್ ರಸ್ತೆಯಲ್ಲಿ ನನಗೆ ಕಲಿಸಿದರು. ಆಮೇಲೆ ಚಾಮುಂಡಿಬೆಟ್ಟದ ಏರು. ಹಿಂದಿನ ಆಸನದಲ್ಲಿ ನಮ್ಮ ತಾಯಿ ಕುಳಿತಿರುತ್ತಿದ್ದರು. ಬೆಟ್ಟವೆಂದಮೇಲೆ ದೇವಿಯ ದರ್ಶನವೂ ಆಗಲೆಂದು. ಒಂದು ದಿನ ನಂದಿಯ ಬಳಿ ಗಾಡಿ ನಿಲ್ಲಿಸಿದ್ದಾಗ ಅವರು, "ನಾನೂ ಒಂದು ಸಲ ಹಿಡಿದು ನೋಡಲೇ?" ಎಂದು ಕೇಳಿದರು. ನಕ್ಕುಕೊಂಡೇ ಕೇಳಿದರು. ತಂದೆಯವರು ಕೆಟ್ಟವರಲ್ಲ, ಗದರುವವರೂ ಅಲ್ಲ, ನನ್ನೊಬ್ಬನನ್ನು ಬಿಟ್ಟರೆ. "ಈ ಗೇರು ನಿನ್ನ ಕೈಗೆ ಬಗ್ಗುವುದಿಲ್ಲ ಕಣೇ" ಎಂದರು. ನಾನೂ ನಕ್ಕೆ. "ಹೋಗಲಿ, ಕೂತು ಅಭ್ಯಾಸವಿದೆ" ಎಂದು ತಾಯಿ ಬಾಗಿಲು ಹಾಕಿಕೊಂಡರು. ಇಪ್ಪತ್ತೆರಡು ವರ್ಷ ಆ ಕಾರು ನಮ್ಮಲ್ಲಿತ್ತು. ಅದರ ಮುಂದಿನ ಬಲಗಡೆಯ ಆಸನದಲ್ಲಿ ಅವರು ಒಮ್ಮೆಯೂ ಕೂರಲಿಲ್ಲ.

ಗೇರು ನಿಜವಾಗಿಯೂ ಬಿರುಸಾಗಿತ್ತು, ಆ ಮಾತು ಸುಳ್ಳಲ್ಲ. ಆದರೆ ಬಿರುಸಾದ ಗೇರನ್ನು ನನಗೆ ಒಂದು ತಿಂಗಳು ಕಲಿಸಿದ ತಾಳ್ಮೆಯಲ್ಲಿ ಒಂದು ಬೆಳಗನ್ನು ಅವರಿಗೆ ಮೀಸಲಿಡಬಹುದಾಗಿತ್ತು. ನಾನೂ ಕೇಳಬಹುದಾಗಿತ್ತು.

ಕೆನೆಬಣ್ಣದ ಕಾರನ್ನು ಕೊಂಡೆವು. ಕೈಗೇರಿನ ಪೆಟ್ಟಿಗೆಯ ಮಾತನ್ನು ಮೆಕ್ಯಾನಿಕ್ಕಿಗೆ ಮತ್ತೆ ಎತ್ತಬಾರದೆಂದು ಹೇಳಿದ್ದೇನೆ. ಇದನ್ನು ತ್ಯಾಗವೆಂದು ಯಾರೂ ತಿಳಿಯಬಾರದು. ಮಂಡಿಯ ಮತವೂ ಅದೇ ಪೆಟ್ಟಿಗೆಗೆ ಬಿದ್ದಿತ್ತು, ತುಕ್ಕಿನ ಮತವೂ. ಹಸಿರು ಕಾರನ್ನು ಯಾರೋ ತರುಣ ಕೊಂಡನಂತೆ. ಒಂದೆರಡು ಬಾರಿ ಊರೊಳಗೆ ಅದರ ಸದ್ದು ಕೇಳಿಸಿತು. ಎರಡರಿಂದ ಮೂರಕ್ಕೆ ಹೋಗುವಾಗ ಹುಡುಗ ಅವಸರ ಮಾಡುತ್ತಾನೆ. ನನ್ನ ಎಡಗೈ ಮೇಜಿನ ಮೇಲೆ ತನ್ನಷ್ಟಕ್ಕೆ ತಾನೇ ಅಲುಗಿತು. ಹೊಟ್ಟೆಯುರಿಯಲಿಲ್ಲವೆಂದರೆ ಸುಳ್ಳಾದೀತು.

ಭಾನುವಾರ ಬೆಳಗ್ಗೆ ಬಲಗಡೆ ಅವಳು ಕೂರುತ್ತಾಳೆ. ಹಣೆಗೆ ಬಂದ ಕೂದಲನ್ನು ಹಿಂದಕ್ಕೆ ತಳ್ಳಿ, ಕೋಲನ್ನು 'ಡಿ'ಗೆಳೆದು, ನನಗಿಂತ ಹೆಚ್ಚು ವೇಗವಾಗಿಯೇ ಓಡಿಸುತ್ತಾಳೆ. ತಿರುವು ಬಂದಾಗಲೆಲ್ಲ ನನ್ನ ಎಡಗಾಲು ಇಲ್ಲದ ಪೆಡಲನ್ನು ಹುಡುಕಿ ನೆಲವನ್ನು ಒತ್ತುತ್ತದೆ. "ಮಂಡಿ ನೋಯುತ್ತದೆ, ಸುಮ್ಮನಿರಿ" ಎನ್ನುತ್ತಾಳೆ. ಹಳೆಯ ಆಟೋಮ್ಯಾಟಿಕ್ ಪೆಟ್ಟಿಗೆ ಗ್ಯಾರೇಜಿನ ನೆಲದ ಮೇಲೆ ದಿನಕ್ಕೆ ನಾಲ್ಕು ಹನಿ ಕೆಂಪು ಎಣ್ಣೆ ಸುರಿಸುತ್ತದೆ. ಅದರ ಕೆಳಗಿಡಲು ಅವಳು ಅಡುಗೆಮನೆಯ ಹಳೆಯ ತಟ್ಟೆಯೊಂದನ್ನು ತಂದಿಟ್ಟಿದ್ದಾಳೆ. ಪ್ರತಿ ಶನಿವಾರ ತಾನೇ ಬಗ್ಗಿ ನೋಡಿ, ಈ ವಾರ ಎಷ್ಟು ಬಿದ್ದಿದೆಯೆಂದು ನನಗೆ ವರದಿ ಕೊಡುತ್ತಾಳೆ.